ರೈತನ ಮಗಳಿಗೆ ಮೂರು ಅಂಕ

ಹೊಸ ಪಠ್ಯಪುಸ್ತಕ ಬಂದ ವರ್ಷ ಶಾಲೆಯಲ್ಲಿ ಎರಡು ಪಂಗಡ. ಹಳೆಯದೇ ಚೆನ್ನಾಗಿತ್ತು ಎನ್ನುವವರು ಒಂದು ಕಡೆ, ಹೊಸದೆಂದ ಮೇಲೆ ಒಳ್ಳೆಯದೇ ಎನ್ನುವವರು ಇನ್ನೊಂದು ಕಡೆ. ಪುಸ್ತಕ ಓದಿದವರು ಮಾತ್ರ ಎರಡೂ ಕಡೆ ಕಡಿಮೆ. ಮಗಳು, ಅವಳ ಗೆಳತಿಯರು ಮತ್ತು ನಾನು ಭಾನುವಾರ ಕೂತು ಆಡುವ ಆಟಕ್ಕೂ ಹೊಸ ಆವೃತ್ತಿ ಬಂದು ಇದೇ ವಾದ ಎದ್ದಾಗ, ಎರಡನ್ನೂ ಓದಿಯೇ ತೀರ್ಮಾನಿಸೋಣ ಎಂದೆ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದದ್ದು. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಅದು ಕೈಗೂಡುವುದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ನಿರ್ಧರಿಸುತ್ತದೆ. ನಮ್ಮಲ್ಲಿರುವುದು 2014ರ ಐದನೆಯ ಆವೃತ್ತಿ. ಅದನ್ನೇ ತಿದ್ದಿದ ಆಟಗಾರರ ಪುಸ್ತಕ 2024ರ ಸೆಪ್ಟೆಂಬರಿನಲ್ಲಿ ಬಂತು.

ಮೆಚ್ಚಬೇಕಾದದ್ದನ್ನು ಮೊದಲು ಹೇಳುತ್ತೇನೆ. ಹಳೆಯ ಪುಸ್ತಕ ಆಡುವ ಬಗೆ ಹೇಳುವ ಮೊದಲೇ ಪಾತ್ರ ಕಟ್ಟಲು ಕೂರಿಸುತ್ತಿತ್ತು. ಹೊಸದು ಮೊದಲು ಆಟ ಕಲಿಸುತ್ತದೆ. ಕೊನೆಯಲ್ಲಿ ಅಕಾರಾದಿಯಾಗಿ ನಿಯಮಗಳ ಕೋಶವಿದೆ. ಮೊದಲ ಹಂತದಲ್ಲಿ ಗಾಯ ಮಾಯಿಸುವ ಮಂತ್ರಕ್ಕೆ ಹಿಂದೆ ಎಂಟು ಮುಖದ ಒಂದು ದಾಳ, ಈಗ ಎರಡು. ಎಲ್ಲರ ಶುಶ್ರೂಷೆ ಮಾಡುವವಳ ಕೆಲಸಕ್ಕೆ ಸ್ವಲ್ಪ ಬೆಲೆ ಬಂತಲ್ಲ ಎಂದು ನನಗೆ ಸಮಾಧಾನ.

ನಾನು ತಡೆದು ಓದಿದ್ದು ಇನ್ನೊಂದು ಬದಲಾವಣೆಯನ್ನು. ಹಳೆಯ ಪುಸ್ತಕದಲ್ಲಿ ಹುಟ್ಟಿಗೆ ಅಂಕವಿತ್ತು: ಎಲ್ಫ್ ಆದರೆ ಚುರುಕಿಗೆ ಎರಡು, ಅರ್ಧ ಆರ್ಕ್ ಆದರೆ ಬಲಕ್ಕೆ ಎರಡು. ಹುಟ್ಟಿನಿಂದ ಗುಣ ಅಳೆಯುವುದರ ಕಹಿ ಗೊತ್ತಿರುವ ನಮಗೆ ಅದು ಹೋದದ್ದು ಸಂತೋಷವೇ. ಆದರೆ ಆ ಅಂಕ ಹೋಗಿ ಸೇರಿದ್ದೆಲ್ಲಿ? ಬೆಳೆದ ಹಿನ್ನೆಲೆಗೆ. ಹೊಸ ಪುಸ್ತಕದಲ್ಲಿ ಹದಿನಾರು ಹಿನ್ನೆಲೆಗಳಿವೆ. ಒಂದೊಂದಕ್ಕೂ ಮೂರು ಗುಣ, ಆ ಮೂರರೊಳಗೇ ಮೂರು ಅಂಕ ಹಂಚಬೇಕು. ವಿದ್ವಾಂಸನ ಪಟ್ಟಿಯಲ್ಲಿ ಬುದ್ಧಿ ಇದೆ. ರೈತನಿಗೆ ಬಲ, ದೇಹದ ತಾಳಿಕೆ, ವಿವೇಕ, ಬುದ್ಧಿ ಇಲ್ಲ. ಬುದ್ಧಿವಂತ ರೈತ ಇರಲೇಬಾರದು ಎಂದೇನೂ ಅಲ್ಲ, ಈ ಮೂರು ಅಂಕ ಮಾತ್ರ ಅವನ ಬುದ್ಧಿಗೆ ಸಲ್ಲವು. ಹುಟ್ಟು ಹೋಗಿ ಕಸುಬು ಬಂತು. ಇವೆರಡೂ ಒಂದಕ್ಕೊಂದು ಎಷ್ಟು ಹತ್ತಿರದ ನೆಂಟರೆಂದು ನಮ್ಮ ಊರುಗಳಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಹೊಲದ ಕೆಲಸ ಮುಗಿಸಿ ತರಗತಿಗೆ ಬಂದು ಲೆಕ್ಕದಲ್ಲಿ ಎಲ್ಲರನ್ನೂ ಹಿಂದೆ ಹಾಕಿದ ಎಷ್ಟೋ ಹುಡುಗಿಯರನ್ನು ಕಂಡವಳು ನಾನು.

ಇದಕ್ಕೆ ಪರಿಹಾರವನ್ನೂ ಅವರೇ ಕೊಟ್ಟಿದ್ದಾರೆ. ಹೊಸ ಹಿನ್ನೆಲೆ ಕಟ್ಟಿಕೊಳ್ಳುವ ದಾರಿ 2024ರ ನವೆಂಬರಿನಲ್ಲಿ ಬಂದ, ಕಥೆ ನಡೆಸುವವರ ಪುಸ್ತಕದಲ್ಲಿದೆ. ಎಲ್ಲ ಆಟಗಾರರೂ ಓದುವ ಪುಸ್ತಕದಲ್ಲಿ ಇರಬೇಕಾದ ಮಾತು ಒಬ್ಬರೇ ಓದುವ ಪುಸ್ತಕದಲ್ಲಿ ಕೂತಿದೆ.

ಕೊನೆಗೆ ನಮ್ಮ ತೀರ್ಮಾನ ಹೀಗಾಯಿತು. ನಡೆಯುತ್ತಿರುವ ಕಥೆ ಹಳೆಯ ನಿಯಮದಲ್ಲೇ ಮುಗಿಯಲಿ. ಪರೀಕ್ಷೆಯ ನಡುವೆ ಯಾರೂ ಪಠ್ಯ ಬದಲಿಸುವುದಿಲ್ಲ. ಮುಂದಿನ ಕಥೆಗೆ ಹೊಸದು. ನಿಯಮಗಳ ಮುಖ್ಯ ಭಾಗ ಉಚಿತವಾಗಿ ಸಿಗುತ್ತಿರುವುದರಿಂದ ಎಲ್ಲರೂ ದುಬಾರಿ ಪುಸ್ತಕ ಕೊಳ್ಳಬೇಕಿಲ್ಲ, ಮನೆಗೊಂದು ಸಾಕು. ಹಿನ್ನೆಲೆ ಯಾವುದೇ ಇರಲಿ, ಆ ಮೂರು ಅಂಕಗಳನ್ನು ಎಲ್ಲಿ ಹಾಕಬೇಕೆಂದು ಆಡುವವಳೇ ಹೇಳಬೇಕು. ಇದು ನಮ್ಮ ಮೇಜಿನ ನಿಯಮ.