ಹುಲ್ಲುಹಾಸಿಗೂ ಒಂದು ಕೊನೆಭಾಗ

ಭದ್ರಾವತಿಯ ಹೊಸಮನೆಯಲ್ಲಿ ನನ್ನ ಹಿರಿಯ ಸ್ನೇಹಿತರೊಬ್ಬರಿದ್ದಾರೆ. ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದವರು. ಮನೆಯ ಮುಂದೆ ಮೂವತ್ತು ನಲವತ್ತರ ಸೈಟಿನಷ್ಟು ಜಾಗದಲ್ಲಿ ಗರಿಕೆಯ ಹುಲ್ಲುಹಾಸು ಬೆಳೆಸಿದ್ದಾರೆ. ಇಪ್ಪತ್ತೈದು ವರ್ಷಗಳ ಹಿಂದೆ ತಾವೇ ಅರ್ಧ ಇಂಚಿನ ಜಿಐ ಪೈಪು ಹೂತು, ನಾಲ್ಕು ಮೂಲೆಗೆ ನಾಲ್ಕು, ಉದ್ದದ ಬದಿಗಳ ನಡುವೆ ಒಂದೊಂದು, ಹೀಗೆ ಆರು ಹಿತ್ತಾಳೆ ಜೆಟ್ ಕೂರಿಸಿದ್ದರು. ಮಾರ್ಚಿಯಲ್ಲಿ ನನ್ನನ್ನು ಕರೆದು ಗೇಟಿನಿಂದ ದೂರದ ಮೂಲೆ ತೋರಿಸಿದರು. ಅಲ್ಲಿ ಹುಲ್ಲು ಬೂದಿ ಬಣ್ಣಕ್ಕೆ ತಿರುಗಿತ್ತು. ನೀರೆತ್ತುವ ಮೋಟಾರಿನ ಹತ್ತಿರ ಮಾತ್ರ ಕಾಲಿಟ್ಟರೆ ಪಚಪಚ ಎನ್ನುವಷ್ಟು ನೀರು.

“ದಿನಾ ಅರ್ಧ ಗಂಟೆ ಬಿಡ್ತೀನಿ. ಆದ್ರೂ ಆ ಮೂಲೆ ಒಣಗತ್ತೆ ಮಾರಾಯ್ರೆ. ಜೆಟ್ ಎಲ್ಲಾ ಬದಲಾಯಿಸಿಬಿಡ್ಲಾ?” ಎಂದು ಕೇಳಿದರು.

ಬೇಡ, ಮೊದಲು ಅಳೆಯೋಣ ಎಂದೆ. ಹಳೆಯ ಸ್ಪ್ರಿಂಕ್ಲರನ್ನು ಹೊಸದು ಮಾಡಲು ಹೊರಟ ಎಲ್ಲರಿಗೂ ನಾನು ಹೇಳುವ ಮೊದಲ ಮಾತು ಇದೇ. ಅಂಗಡಿಗೆ ಹೋಗುವ ಮೊದಲು ಅಡುಗೆಮನೆಗೆ ಹೋಗಿ. ಒಂದೇ ಅಳತೆಯ, ಬಾಯಿಯೂ ತಳವೂ ಒಂದೇ ಅಗಲವಿರುವ ಹದಿನಾರು ಡಬ್ಬಿ ತನ್ನಿ. ಮೇಲೆ ಅಗಲವಾಗಿ ಕೆಳಗೆ ಕಿರಿದಾದ ಲೋಟ ಸುಳ್ಳು ಲೆಕ್ಕ ಕೊಡುತ್ತದೆ. ನಾಲ್ಕು ಸಾಲು, ಸಾಲಿಗೆ ನಾಲ್ಕರಂತೆ ಹುಲ್ಲಿನ ಮೇಲೆ ಇಟ್ಟು ಹದಿನೈದು ನಿಮಿಷ ನೀರು ಬಿಡಿ. ಆಮೇಲೆ ಮಕ್ಕಳ ಸ್ಕೇಲನ್ನು ಪ್ರತಿ ಡಬ್ಬಿಯಲ್ಲೂ ನೆಟ್ಟಗೆ ನಿಲ್ಲಿಸಿ ಎಷ್ಟು ಮಿಲಿಮೀಟರ್ ನೀರು ನಿಂತಿದೆ ಎಂದು ಬರೆದುಕೊಳ್ಳಿ.

ನಾವು ಬರೆದುಕೊಂಡೆವು. ಮೋಟಾರಿನ ಹತ್ತಿರದ ಡಬ್ಬಿಯಲ್ಲಿ 9 ಮಿ.ಮೀ., ದೂರದ ಮೂಲೆಯಲ್ಲಿ ಒಂದೂವರೆ. ಹದಿನಾರರ ಸರಾಸರಿ 5 ಮಿ.ಮೀ. ಅತಿ ಕಡಿಮೆ ನೀರು ಬಿದ್ದ ನಾಲ್ಕು ಡಬ್ಬಿಗಳ ಸರಾಸರಿ 2. ಎರಡನ್ನು ಐದರಿಂದ ಭಾಗಿಸಿದರೆ ಶೇ 40. ನೀರಾವರಿ ಎಂಜಿನಿಯರುಗಳು ಹಂಚಿಕೆಯ ಸಮತೆಯನ್ನು ಅಳೆಯುವುದು ಈ ಲೆಕ್ಕದಿಂದಲೇ. ನನ್ನ ಮಟ್ಟಿಗೆ ಮನೆಯ ಹುಲ್ಲುಹಾಸಿಗೆ ಇದು ಶೇ 70ಕ್ಕಿಂತ ಮೇಲಿರಬೇಕು.

ಈ ಅಂಕಿ ನೋಡಿದಾಗ ನನಗೆ ನೆನಪಾದದ್ದು ಭದ್ರಾ ನಾಲೆ. ಲಕ್ಕವಳ್ಳಿಯಲ್ಲಿ 71.5 ಟಿಎಂಸಿ ಅಡಿ ಸಾಮರ್ಥ್ಯದ ಜಲಾಶಯವಿದೆ. ಜಲಾಶಯ ತುಂಬಿ ಮಟ್ಟ 186 ಅಡಿ ಮುಟ್ಟಿದ ವರ್ಷವೂ ಬಲದಂಡೆ ನಾಲೆಯ ತುದಿಯಲ್ಲಿರುವ ದಾವಣಗೆರೆ, ಹರಿಹರದ ಕಡೆಯ ರೈತರು ‘ಕೊನೆಭಾಗಕ್ಕೆ ನೀರು ತಲುಪಿಸಿ’ ಎಂದು ರಸ್ತೆಗಿಳಿಯುತ್ತಾರೆ. ಶಿವಮೊಗ್ಗದ ಮಲವಗೊಪ್ಪದಲ್ಲಿ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಸಭೆ ಸೇರಿದಾಗೆಲ್ಲ ಇದೇ ಚರ್ಚೆ. ಅಣೆಕಟ್ಟೆಯಲ್ಲಿ ಎಷ್ಟಿದೆ ಎನ್ನುವುದರಷ್ಟೇ ದೊಡ್ಡ ಪ್ರಶ್ನೆ, ಕೊನೆಯವನಿಗೆ ಎಷ್ಟು ಸಿಗುತ್ತದೆ ಎನ್ನುವುದು. ನಮ್ಮ ಅಂಗಳದ ಹುಲ್ಲಿಗೂ ಒಂದು ಕೊನೆಭಾಗ ಇರುತ್ತದೆ. ಅದು ಒಣಗಿತೆಂದು ಮೋಟಾರನ್ನು ಇನ್ನೂ ಹದಿನೈದು ನಿಮಿಷ ಓಡಿಸಿದರೆ ಮೇಲ್ಭಾಗ ಕೊಳೆಯುತ್ತದೆ, ಕೊನೆಭಾಗ ಕೊನೆಭಾಗವಾಗಿಯೇ ಉಳಿಯುತ್ತದೆ.

ಹಾಗಾದರೆ ನೀರು ಎಲ್ಲಿ ಸೋಲುತ್ತಿದೆ? ಒಂದು ಕಡೆ ಗುಂಡಿ ತೋಡಿ ಪೈಪು ಕತ್ತರಿಸಿದೆವು. ಸ್ನೇಹಿತರು ತುಂಡನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದರು. ಅರ್ಧ ಇಂಚಿನ ಪೈಪಿನೊಳಗೆ ತುಕ್ಕು ಗಂಟುಗಂಟಾಗಿ ಕಟ್ಟಿ, ಕಿರುಬೆರಳು ಹೋಗದಷ್ಟು ದಾರಿ ಉಳಿದಿತ್ತು. ಕಬ್ಬಿಣದ ಜೊತೆಗೇ ಬಾಳಿದ ಅವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಪೈಪಿನ ವ್ಯಾಸ ಕಿರಿದಾದಂತೆ ಒತ್ತಡದ ನಷ್ಟ ಹಲವು ಪಟ್ಟು ಏರುತ್ತದೆ. ಅಷ್ಟೇ ನೀರು ಅರ್ಧ ಇಂಚಿನ ಬದಲು ಒಂದು ಇಂಚಿನಲ್ಲಿ ಹರಿದರೆ ಆ ನಷ್ಟ ಇಪ್ಪತ್ತೈದರಲ್ಲಿ ಒಂದು ಪಾಲಿಗೂ ಕಡಿಮೆಯಾಗುತ್ತದೆ. ಹೊಸ ಜೆಟ್ ತಂದು ಈ ಹಳೆಯ ಪೈಪಿಗೆ ಸಿಕ್ಕಿಸಿದ್ದರೆ ಹಣವೂ ಹೋಗುತ್ತಿತ್ತು, ಮೂಲೆಯೂ ಒಣಗುತ್ತಿತ್ತು.

ಎರಡನೆಯ ದೋಷ ಜೆಟ್‌ಗಳಲ್ಲೇ ಇತ್ತು. ಹದಿನೈದು ಅಡಿ ಚಿಮ್ಮುವ ಜೆಟ್‌ಗಳನ್ನು ಮೂವತ್ತು ಅಡಿ ಅಗಲದ ಜಾಗದ ಎರಡೂ ಅಂಚಿಗೆ ಇಟ್ಟಿದ್ದರು. ನಡುವೆ ನೀರಿಗೆ ನೀರು ಮುಟ್ಟಿದರೆ ಸಾಕು ಎಂಬ ಲೆಕ್ಕ. ಅದು ಸಾಲದು. ಒಂದೇ ಜೆಟ್ ತನ್ನ ವೃತ್ತದ ಒಳಗೆಲ್ಲ ಸಮನಾಗಿ ನೀರು ಹಾಕುವುದಿಲ್ಲ, ಅಂಚಿಗೆ ಹೋದಂತೆ ತೆಳುವಾಗುತ್ತದೆ. ಆದ್ದರಿಂದ ಒಂದು ಜೆಟ್ಟಿನ ನೀರು ಎದುರಿನ ಜೆಟ್ಟಿನ ಬುಡವನ್ನೇ ಮುಟ್ಟಬೇಕು. ಆಗ ಒಂದು ಬಿಟ್ಟದ್ದನ್ನು ಇನ್ನೊಂದು ತುಂಬಿಕೊಡುತ್ತದೆ. ಜೊತೆಗೆ, ಮೂಲೆಯ ಜೆಟ್ ಕಾಲು ವೃತ್ತ ತಿರುಗುತ್ತದೆ, ಬದಿಯದು ಅರ್ಧ. ಎರಡಕ್ಕೂ ಒಂದೇ ಅಳತೆಯ ತೂತಿದ್ದರೆ ಮೂಲೆಗೆ ದುಪ್ಪಟ್ಟು ನೀರು ಬೀಳುತ್ತದೆ. ಮೋಟಾರಿನ ಹತ್ತಿರದ ಮೂಲೆ ಕೆಸರಾಗಿದ್ದು ಇದರಿಂದಲೇ.

ನಮ್ಮ ಅಡಿಕೆ ತೋಟಗಳಲ್ಲಿ ಟಿಕ್ ಟಿಕ್ ಎಂದು ಬಡಿಯುತ್ತ ತಿರುಗುವ ಜೆಟ್ ಎಲ್ಲರೂ ನೋಡಿದ್ದೇ. ಅದನ್ನು ರೂಪಿಸಿ 1930ರ ದಶಕದಲ್ಲಿ ಪೇಟೆಂಟ್ ಪಡೆದವರು ಕ್ಯಾಲಿಫೋರ್ನಿಯಾದ ಗ್ಲೆಂಡೋರಾ ಊರಿನ ಕಿತ್ತಳೆ–ನಿಂಬೆ ಬೆಳೆಗಾರ ಆರ್ಟನ್ ಎಂಗಲ್‌ಹಾರ್ಟ್. ಅದರ ಗುಣವೆಂದರೆ ದೂರಕ್ಕೆ, ನಿಧಾನಕ್ಕೆ, ಸಮನಾಗಿ ನೀರು ಕೊಡುವುದು. ಮನೆಯ ಹುಲ್ಲಿಗೆ ಈಗ ಅದೇ ಗುಣದ ಚಿಕ್ಕ ತಿರುಗು ನಾಜಲ್‌ಗಳು ಬಂದಿವೆ. ನೀರನ್ನು ಮಂಜು ಮಾಡದೆ ಬೆರಳಿನಂತೆ ಬಿಡಿಬಿಡಿ ಎಳೆಯಾಗಿ ಮೂವತ್ತು ಅಡಿಯವರೆಗೆ ಎಸೆಯುತ್ತವೆ. ಸಣ್ಣ ಗಾಳಿಗೆ ಹಾರಿಹೋಗುವುದಿಲ್ಲ. ನಿಧಾನವಾಗಿ ಬೀಳುವುದರಿಂದ ನಮ್ಮ ಕೆಂಪು ಮಣ್ಣು ಕುಡಿಯಲು ಪುರುಸೊತ್ತು ಸಿಗುತ್ತದೆ. ಕಾಲು ವೃತ್ತ ತಿರುಗಿದರೂ ಅರ್ಧ ತಿರುಗಿದರೂ ಬೀಳುವ ನೀರಿನ ದಪ್ಪ ಒಂದೇ ಇರುವಂತೆ ಅವುಗಳನ್ನು ಮಾಡಿರುತ್ತಾರೆ.

ಆದರೆ ಇವಕ್ಕೆ ಒತ್ತಡ ಬೇಕು, ಚದರ ಸೆಂಟಿಮೀಟರಿಗೆ ಸುಮಾರು 2.8 ಕೆ.ಜಿ. ಹತ್ತು ಮೀಟರ್ ಎತ್ತರದ ನೀರು ಎಂದರೆ ಒಂದು ಕೆ.ಜಿ. ಒತ್ತಡ. ತಾರಸಿಯ ಟ್ಯಾಂಕು ಇಪ್ಪತ್ತು ಅಡಿ ಎತ್ತರದಲ್ಲಿದ್ದರೆ ಸಿಗುವುದು 0.6 ಮಾತ್ರ. ಟ್ಯಾಂಕಿನ ನೀರಿಗೆ ಪಾಪ್‌ಅಪ್ ಜೆಟ್ ಜೋಡಿಸಿ, ಅದು ನೆಲದಿಂದ ತಲೆ ಎತ್ತುವುದೇ ಇಲ್ಲ ಎಂದು ಬೇಸರಪಡುವವರನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಸಂಪಿನಿಂದ ನೇರ ಮೋಟಾರಿಗೆ ಜೋಡಿಸಿ. ಮೋಟಾರಿನ ತಗಡಿನ ಮೇಲೆ ಹೆಡ್, ಅಂದರೆ ನೀರೆತ್ತುವ ಎತ್ತರ, ಎಷ್ಟು ಮೀಟರ್ ಎಂದು ಬರೆದಿರುತ್ತದೆ, ಕೊಳ್ಳುವ ಮುಂಚೆ ಅದನ್ನು ಓದಿ. ಮೋಟಾರಿನ ಪಕ್ಕದಲ್ಲೇ ಜಾಲರಿ ಫಿಲ್ಟರ್ ಇರಲಿ.

ಇನ್ನು ಪೈಪು. ಇಲ್ಲಿ ನಮ್ಮ ಫಿಟ್ಟರ್ ಸ್ನೇಹಿತರ ತಲೆ ಓಡಿತು. ಒಂದು ತುದಿಯಿಂದ ಶುರುವಾಗಿ ಇನ್ನೊಂದು ತುದಿಯಲ್ಲಿ ಮುಗಿಯುವ ಸಾಲು ಬೇಡವೇ ಬೇಡ ಎಂದರು. ಹುಲ್ಲುಹಾಸಿನ ಸುತ್ತ ಒಂದು ಇಂಚಿನ ಪಿವಿಸಿ ಪೈಪನ್ನು ಬಳೆಯಂತೆ ಸುತ್ತಿಸಿ, ಹೊರಟಲ್ಲಿಗೇ ತಂದು ಸೇರಿಸಿದರು. ಈಗ ಯಾವ ಜೆಟ್ಟಿಗೂ ನೀರು ಎರಡು ದಿಕ್ಕಿನಿಂದ ಬರುತ್ತದೆ. ಒಂದು ಕಡೆ ದಾರಿ ದೂರವಾದರೆ ಇನ್ನೊಂದು ಕಡೆಯಿಂದ ಹತ್ತಿರ. ಇದು ದೊಡ್ಡ ಕಾರ್ಖಾನೆಗಳಲ್ಲಿ ಬೆಂಕಿ ಆರಿಸುವ ನೀರಿನ ಸಾಲಿಗೆ ಮಾಡುವ ಏರ್ಪಾಡು. ಕೊನೆಯೇ ಇಲ್ಲದ ನಾಲೆ.

ಹಳೆಯ ಜೆಟ್‌ಗಳ ಜಾಗದಲ್ಲಿ ತಿರುಗು ನಾಜಲ್‌ಗಳನ್ನು ಕೂರಿಸಿ, ಮತ್ತೆ ಹದಿನಾರು ಡಬ್ಬಿ ಇಟ್ಟೆವು. ಇಪ್ಪತ್ತು ನಿಮಿಷಕ್ಕೆ ಸರಾಸರಿ 4 ಮಿ.ಮೀ., ಕಡಿಮೆ ಬಿದ್ದ ನಾಲ್ಕರ ಸರಾಸರಿ 3. ಶೇ 75. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನಿಂತರೆ ಒಂದು ಲೀಟರ್ ಎಂದು ಲೆಕ್ಕ. ಮೊದಲು ದೂರದ ಮೂಲೆಯ ಕಡೆಗೆ 4 ಮಿ.ಮೀ. ಮುಟ್ಟಿಸಲು ಇಡೀ ಅಂಗಳಕ್ಕೆ ಸರಾಸರಿ 10 ಮಿ.ಮೀ. ಸುರಿಯಬೇಕಿತ್ತು, ಅಂದರೆ ಸುಮಾರು 1,100 ಲೀಟರ್. ಈಗ 600 ಸಾಕು. ಜೆಟ್ ಬದಲಾಯಿಸಿದ್ದಕ್ಕಿಂತ ಹೆಚ್ಚಾಗಿ ಹಂಚಿಕೆ ಬದಲಾದದ್ದರಿಂದ ಆದ ಉಳಿತಾಯ ಇದು. ಭದ್ರೆ ಪಕ್ಕದಲ್ಲೇ ಹರಿಯುವ ಊರಿನವರಿಗೆ ಐನೂರು ಲೀಟರ್ ಸಣ್ಣದೆಂದು ಕಾಣಬಹುದು. ಆದರೆ 2024ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಗಿಡಗಳಿಗೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಬೇಕಾಯಿತು. ಅಂಥ ದಿನ ಬರುವವರೆಗೆ ನಾವು ಕಾಯಬೇಕಿಲ್ಲ. ಹುಲ್ಲಿಗೆ ಬಾವಿಯ ನೀರು ಬಳಸಿ, ಬೆಳಗಿನ ಜಾವ ಗಾಳಿ ಏಳುವ ಮುನ್ನ ಬಿಡಿ. ಟೈಮರ್ ಹಾಕಿಸುವುದಾದರೆ ಕರೆಂಟ್ ಹೋದರೂ ಸಮಯ ಮರೆಯದ, ಒಳಗೆ ಬ್ಯಾಟರಿ ಇರುವುದನ್ನೇ ಆರಿಸಿ.

ಮಲೆನಾಡಿನ ಅಂಚಿನವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ನಮ್ಮ ಜೆಟ್‌ಗಳು ತಿಂಗಳುಗಟ್ಟಲೆ ಸುಮ್ಮನಿರುತ್ತವೆ. ಅಷ್ಟರಲ್ಲಿ ಕಣಜ ತೂತಿನೊಳಗೆ ಮಣ್ಣು ಮೆತ್ತುತ್ತದೆ, ವಾಲ್ವ್ ಗುಂಡಿಯಲ್ಲಿ ಇರುವೆ ಗೂಡು ಮಾಡುತ್ತದೆ. ಮಳೆ ನಿಂತ ಮೇಲೆ ಮೊದಲ ಸಲ ನೀರು ಬಿಡುವಾಗ ನಾಜಲ್‌ಗಳನ್ನೆಲ್ಲ ಬಿಚ್ಚಿಟ್ಟು, ಪೈಪಿನಿಂದ ತಿಳಿನೀರು ಬರುವವರೆಗೆ ಹರಿಸಿ, ಆಮೇಲೆ ಕೂರಿಸಿ. ವರ್ಷಕ್ಕೊಮ್ಮೆ ಡಬ್ಬಿ ಇಟ್ಟು ಅಳೆಯಿರಿ.

ಹೋದ ವಾರ ಮತ್ತೆ ಹೊಸಮನೆಗೆ ಹೋಗಿದ್ದೆ. ಸಂಕಷ್ಟಿಯ ದಿನ. ಸ್ನೇಹಿತರ ಮನೆಯವರು ತಟ್ಟೆ ಹಿಡಿದು ಪೂಜೆಗೆ ಗರಿಕೆ ಕೊಯ್ಯುತ್ತಿದ್ದರು. ಮೂರೆಸಳಿನ ಎಳೆಯ ಕುಡಿಗಳನ್ನೇ ಆರಿಸುತ್ತ, ಗೇಟಿನಿಂದ ದೂರದ ಆ ಮೂಲೆಯಲ್ಲಿ ಕೂತಿದ್ದರು.