ಕಟಗಿ ಮ್ಯಾಲೆ ಸಿಮೆಂಟ್ ಗಿಲಾವು

ಸತ್ತಿಯ ನಮ್ಮ ಮನೆ ಮುಂದಿನ ದನದ ಕೊಟ್ಟಿಗೆ ಈಗ ಕಾರ್ ಶೆಡ್. ಎತ್ತು ಹೋದವು, ಟ್ರ್ಯಾಕ್ಟರ್ ಬಂತು, ಅದರ ಹಿಂದೆ ಕಾರೂ ಬಂತು. ಎರಡು ಕಡೆ ಕಲ್ಲಿನ ಗೋಡೆ, ಮುಂದೆ ಮೂರು ಬೇವಿನ ಕಂಬ, ಒಂದು ದಪ್ಪ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಅಣ್ಣ ಗೌಂಡಿಗೆ ಹೇಳಿದ್ದು ಇಷ್ಟೇ: "ಮಾಮಾ, ಕಟಗಿ ಎಲ್ಲೂ ಕಾಣಬಾರದು ನೋಡು. ಮಂದಿ ಆರ್‌ಸಿಸಿ ಅನ್ನಬೇಕು." ಗೌಂಡಿ ಕಂಬಕ್ಕೆ ಕಚ್ಚು ಹಾಕಿ, ಮೊಳೆ ಬಡಿದು, ಗೋಡೆ, ಕಂಬ, ತೊಲೆ ಎಲ್ಲಕ್ಕೂ ಒಂದೇ ಸಿಮೆಂಟ್ ಗಿಲಾವು ಮಾಡಿದ. ಖರೇ ಹೇಳಬೇಕಂದ್ರ ಮೊದಲ ದಿನ ಭಾಳ ಚಂದ ಕಾಣ್ತು. ನಾನೂ ಫೋಟೋ ಹೊಡಕೊಂಡೆ.

ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಕಂಬ ಗೋಡೆ ಕೂಡುವಲ್ಲಿ ಮೇಲಿಂದ ಕೆಳತನಕ ಬಿರುಕು, ದಾರ ಹಿಡಿದು ಎಳೆದಂಗ. ಸಿಮೆಂಟ್ ಕಡಿಮೆ ಹಾಕ್ಯಾನ ಅಂತ ಅಣ್ಣ ಗೌಂಡಿಯನ್ನು ಬೈದ. ನನ್ನ ತಕರಾರು ಅಲ್ಲೇ ಶುರು. ಕಟ್ಟಿಗೆ ಮಳೆಗಾಲದ ತೇವ ಕುಡಿದು ಉಬ್ಬುತ್ತದೆ, ನಮ್ಮ ಏಪ್ರಿಲ್ ಬಿಸಿಲಿಗೆ ಒಣಗಿ ಕುಗ್ಗುತ್ತದೆ. ಉದ್ದಕ್ಕೆ ಅಷ್ಟಲ್ಲ, ಅಡ್ಡಕ್ಕೆ. ಕಲ್ಲು ಹಾಗೆ ಆಡುವುದಿಲ್ಲ. ಎರಡರ ಮೇಲೂ ಒಂದೇ ಗಡಸು ಪದರ ಎಳೆದರೆ ಅದು ಸೇರುವ ಗೆರೆಯಲ್ಲೇ ಹರಿಯುತ್ತದೆ. ಸಿಮೆಂಟ್ ಹೆಚ್ಚು ಹಾಕಿದ್ದರೆ ಇನ್ನೂ ಬೇಗ ಬಿರಿಯುತ್ತಿತ್ತು.

ಗೌಂಡಿ ಪೂರ್ತಿ ಅಮಾಯಕನೇನಲ್ಲ. ಹೊಸ ಮನೆಗಳಲ್ಲಿ ಕಾಂಕ್ರೀಟ್ ಕಂಬಕ್ಕೂ ಇಟ್ಟಿಗೆ ಗೋಡೆಗೂ ನಡುವೆ ಚಿಕನ್ ಮೆಶ್ ಬಡಿದೇ ಅವನು ಗಿಲಾವು ಮಾಡೋದು. ಇಲ್ಲಿಯೂ ಕಂಬಕ್ಕೆ ಡಾಂಬರು ಕಾಗದ ಸುತ್ತಿ, ಮೇಲೆ ತಂತಿ ಜಾಳಿಗೆಯನ್ನು ಗೋಡೆಯ ಮೇಲೆ ಒಂದು ಗೇಣು ಹಾಯಿಸಿ ಬಡಿದಿದ್ದರೆ ಗಿಲಾವು ಜಾಳಿಗೆಗೆ ಹಿಡಿದಿರುತ್ತಿತ್ತು, ಕಟ್ಟಿಗೆ ಒಳಗೆ ತನ್ನ ಪಾಡಿಗೆ ಅಲುಗಾಡುತ್ತಿತ್ತು. ಅದೂ ಬೇಡ, ಹಸಿ ಇದ್ದಾಗಲೇ ಕರಣಿಯಿಂದ ಒಂದು ಗೆರೆ ಕೊಯ್ದು ಬಿಟ್ಟಿದ್ದರೂ ನಡೀತಿತ್ತು.

ಆದರೆ ಬಿರುಕು ಸಣ್ಣ ಮಾತು. ಅದರೊಳಗೆ ಇಳಿದ ನೀರು ಹೊರಗೆ ಬರೋದು ಹೆಂಗ? ಇಂಗ್ಲೆಂಡಿನ ಹಳೆಯ ಮರದ ಚೌಕಟ್ಟಿನ ಮನೆಗಳಿಗೆ 20ನೇ ಶತಮಾನದಲ್ಲಿ ಸುಣ್ಣದ ಬದಲು ಸಿಮೆಂಟ್ ಬಳಿದು, ಒಳಗಿನ ಮರ ಕೊಳೆತು, ಆಮೇಲೆ ಅದನ್ನೆಲ್ಲ ಕೆತ್ತಿ ತೆಗೆಯಬೇಕಾಯಿತು. ನಮ್ಮ ಹಿರಿಯರು ಮಣ್ಣು, ಹೊಟ್ಟು, ಸಗಣಿಯ ಗಿಲಾವನ್ನು ಗೋಡೆಗಷ್ಟೇ ಮಾಡುತ್ತಿದ್ದರು, ಕಂಬಕ್ಕೆ ಎಣ್ಣೆ. ಬುಡದಲ್ಲಿ ಕಲ್ಲು ಇಡುತ್ತಿದ್ದದ್ದು ಚಂದಕ್ಕಲ್ಲ, ಕಟ್ಟಿಗೆ ನೆಲಕ್ಕೆ ತಾಗಬಾರದು ಅಂತ. ನಮ್ಮ ಗಿಲಾವು ಆ ಕಲ್ಲನ್ನೂ ಮುಚ್ಚಿ ನೆಲದತನಕ ಇಳಿಯಿತು. ನೀರಿಗೂ ಗೆದ್ದಲಿಗೂ ಸೀದಾ ರಸ್ತೆ.

ಅಣ್ಣನ ಅಂಜಿಕೆ ನನಗೆ ಅರ್ಥ ಆಗುತ್ತದೆ. 2019ರ ಆಗಸ್ಟಿನ ಮಹಾಪೂರದಲ್ಲಿ ಕೃಷ್ಣಾ ದಂಡೆಯ ಊರುಗಳಲ್ಲಿ ಮಣ್ಣಿನ ಗೋಡೆ ಕುಸಿದದ್ದನ್ನು ನೋಡಿದವರಿಗೆ ಸಿಮೆಂಟ್ ಅಂದರೇ ಧೈರ್ಯ. ಆದರೆ ಅರ್ಧ ಇಂಚಿನ ಗಿಲಾವು ಯಾವ ಭಾರವನ್ನೂ ಹೊರುವುದಿಲ್ಲ. ಮಾಳಿಗೆ ಹೊತ್ತದ್ದು ಬೇವಿನ ಕಂಬವೇ.

ಈ ಶ್ರಾವಣದಲ್ಲಿ ನಡುವಿನ ಕಂಬ ಬಡಿದು ನೋಡಿದೆ. ಪೊಳ್ಳು ಸಪ್ಪಳ. ಬುಡದಲ್ಲಿ ಒಂದು ಗೇಣು ಕೆತ್ತಿಸಿದರೆ ಸ್ಕ್ರೂಡ್ರೈವರ್ ಎರಡು ಇಂಚು ಒಳಗೆ ಹೋಯಿತು. ಅದರ ಕೆಳಗೇ ಸಂಜೆ ಹುಡುಗರು ಆಡುತ್ತಾರೆ. ಅವತ್ತೇ ಕಾರು ಹೊರಗೆ ತೆಗೆದು, ತೊಲೆಗೆ ಎರಡು ಕಬ್ಬಿಣದ ಜಾಕ್ ಕೊಟ್ಟೆವು.

"ಹಂಗಾದ್ರ ಎಲ್ಲಾ ಕೆತ್ತಿಸು ಅಂತೀಯೇನು?" ಅಂದ ಅಣ್ಣ.

ಹೌದು ಅಂದೆ. ಗೋಡೆಯದು ಇರಲಿ, ಕಂಬದ್ದು, ತೊಲೆಯದ್ದು ಎಲ್ಲಾ. ಹ್ಞೂಂ ಅನ್ನಲಿಲ್ಲ, ಆದರೆ ಮರುದಿನ ಅವನೇ ಉಳಿ ತಂದ. ಮೂರನೇ ಕಂಬದ ಮೇಲೆ ಗಡ್ಡೆಯಂತೆ ಉಬ್ಬಿದ್ದ ಕಡೆ ಕೆತ್ತಿದಾಗ ಅಪ್ಪ ನೊಗ ತೂಗಹಾಕುತ್ತಿದ್ದ ಗೂಟ ಹೊರಬಂತು. ಅದರ ಕಟ್ಟಿಗೆ ಇನ್ನೂ ಗಟ್ಟಿ ಇದೆ.