ಹಾಡು ಬಾಯಿ ಬದಲಿಸಿದಾಗ

1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನಡೆದ ಪಾಪ್ ಸಂಗೀತೋತ್ಸವದಲ್ಲಿ ಓಟಿಸ್ ರೆಡ್ಡಿಂಗ್ ತಮ್ಮದೇ ಹಾಡೊಂದನ್ನು ಶುರುಮಾಡುವ ಮುನ್ನ, ಇದನ್ನು ಒಬ್ಬ ಹುಡುಗಿ ತಮ್ಮಿಂದ ಕಿತ್ತುಕೊಂಡು ಹೋದಳು ಎಂಬರ್ಥದ ಮಾತಾಡಿದರು. ಹಾಡು ‘ರೆಸ್ಪೆಕ್ಟ್’. ಬರೆದವರು ಅವರೇ, 1965ರಲ್ಲಿ ಮೊದಲು ಧ್ವನಿಮುದ್ರಿಸಿದವರೂ ಅವರೇ. ಆದರೆ ಅದೇ ಜೂನ್ ತಿಂಗಳಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿದ್ದು ಅರೀಥಾ ಫ್ರಾಂಕ್ಲಿನ್ ಅವರ ದನಿಯಲ್ಲಿ. ಕವರ್ ಹಾಡು ಮೂಲ ಧ್ವನಿಮುದ್ರಣವನ್ನು ಮೀರಬಲ್ಲದೇ ಎಂಬ ಹಳೆಯ ಚರ್ಚೆಯಲ್ಲಿ ಮೂಲಕರ್ತನೇ ನುಡಿದ ಸಾಕ್ಷಿ ಇದು. ಮೀರಬಲ್ಲದು ಎಂಬುದೇ ನನ್ನ ವಾದ. ಆದರೆ ಅದು ಅಪರೂಪ. ಹೆಚ್ಚು ಶ್ರೀಮಂತ ಕಂಠದಿಂದಾಗಲೀ ದೊಡ್ಡ ವಾದ್ಯವೃಂದದಿಂದಾಗಲೀ ಹೆಚ್ಚಿನ ಮಾರಾಟದಿಂದಾಗಲೀ ಒದಗುವಂಥದ್ದಲ್ಲ. ಈ ಹಾಡಿನೊಳಗೆ ಮಾತಾಡುತ್ತಿರುವುದು ಯಾರು ಎಂಬ ಪ್ರಶ್ನೆಗೆ ಎರಡನೆಯ ಗಾಯಕರು ಮೊದಲಿನವರಿಗಿಂತ ಆಳದ ಉತ್ತರ ಕಂಡುಕೊಂಡಾಗ ಮಾತ್ರ ಆ ಮೀರುವಿಕೆ ಸಾಧ್ಯ.

ಮೊದಲು ಮಾರಾಟದ ಮಾತನ್ನು ಬದಿಗಿಡಬೇಕು, ಏಕೆಂದರೆ ಕವರ್ ಎಂಬ ಪದ ಹುಟ್ಟಿದ್ದೇ ಅಂಗಡಿಯ ಲೆಕ್ಕಾಚಾರದಲ್ಲಿ. ಒಂದು ಕಂಪನಿಯ ಹಾಡು ಓಡತೊಡಗಿದರೆ ಇನ್ನೊಂದು ಕಂಪನಿ ಅದನ್ನೇ ತನ್ನ ಗಾಯಕನಿಂದ ಹಾಡಿಸಿ ಮಾರುಕಟ್ಟೆಗೆ ತರುತ್ತಿತ್ತು. 1950ರ ದಶಕದ ಅಮೆರಿಕದಲ್ಲಿ ಈ ವ್ಯಾಪಾರಕ್ಕೆ ವರ್ಣಭೇದದ ಗೋಡೆಯೂ ಜೊತೆಯಾಯಿತು. ಕಪ್ಪು ಗಾಯಕರ ಹಾಡುಗಳನ್ನು ಬಿಳಿಯ ಗಾಯಕರು ತಿಳಿಗೊಳಿಸಿ ಹಾಡಿದರೆ, ಕಪ್ಪು ಗಾಯಕರನ್ನು ಒಳಗೆ ಬಿಟ್ಟುಕೊಳ್ಳದ ರೇಡಿಯೊಗಳಲ್ಲಿ ಅವಕ್ಕೆ ಜಾಗ ಸಿಗುತ್ತಿತ್ತು. ಫ್ಯಾಟ್ಸ್ ಡಾಮಿನೊ ಅವರ ‘ಏಂಟ್ ದಟ್ ಎ ಶೇಮ್’ ಹಾಡನ್ನು 1955ರಲ್ಲಿ ಪ್ಯಾಟ್ ಬೂನ್ ಹಾಡಿ ಪಟ್ಟಿಯ ಮೊದಲ ಸ್ಥಾನಕ್ಕೆ ಒಯ್ದರು. ಲಿಟಲ್ ರಿಚರ್ಡ್ ಅವರ ‘ಟೂಟಿ ಫ್ರೂಟಿ’ಯನ್ನೂ ಬಿಡಲಿಲ್ಲ. ಇಂದು ಎರಡನ್ನೂ ಒಟ್ಟಿಗೆ ಕೇಳಿದವರಿಗೆ ತೀರ್ಪು ಕೊಡಲು ಹೆಚ್ಚು ಹೊತ್ತು ಬೇಕಾಗದು. ರಿಚರ್ಡ್ ಅವರ ಕೂಗಿನಲ್ಲಿ ಒಂದು ದೇಹ ಇಡಿಯಾಗಿ ಹಾಡುತ್ತಿದೆ, ಬೂನ್ ಅವರ ನಯದಲ್ಲಿ ಆ ದೇಹವನ್ನು ಸೋಸಿ ತೆಗೆಯಲಾಗಿದೆ. ಕವರ್ ಹಾಡಿನ ಬಗೆಗಿನ ತಿರಸ್ಕಾರಕ್ಕೆ ಈ ಚರಿತ್ರೆಯೇ ಬೇರು. ಆ ತಿರಸ್ಕಾರ ನ್ಯಾಯವಾದದ್ದೇ. ಬೇರೊಬ್ಬರ ಬೆವರಿನಿಂದ ದುಡಿದುಕೊಂಡ ಹಾಡನ್ನು ಮೂಲವನ್ನು ಮೀರಿದ ಹಾಡು ಎಂದು ಕರೆಯಲಾಗದು. ಆದರೆ ಬೂನ್ ಸೋತದ್ದು ನಕಲು ಮಾಡಿದ್ದಕ್ಕೆ ಮಾತ್ರವಲ್ಲ, ಹಾಡಿನಲ್ಲಿ ಮಾತಾಡುತ್ತಿದ್ದವರನ್ನು ತೆಗೆದುಹಾಕಿ ಆ ಜಾಗದಲ್ಲಿ ಯಾರನ್ನೂ ಕೂರಿಸದೆ ಹೋದದ್ದಕ್ಕೆ.

ಇದು ಇನ್ನೂ ಸ್ಪಷ್ಟವಾಗುವುದು ‘ಹೌಂಡ್ ಡಾಗ್’ನಲ್ಲಿ. ಹತ್ತೊಂಬತ್ತರ ಹುಡುಗರಾಗಿದ್ದ ಜೆರ್ರಿ ಲೀಬರ್ ಮತ್ತು ಮೈಕ್ ಸ್ಟಾಲರ್ ಅದನ್ನು ಬರೆದದ್ದು ಬಿಗ್ ಮಾಮಾ ಥಾರ್ನ್‌ಟನ್ ಅವರಿಗಾಗಿ. 1952ರಲ್ಲಿ ಮುದ್ರಣಗೊಂಡ ಆ ಹಾಡು ಮರುವರ್ಷ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಏಳು ವಾರ ಮೊದಲ ಸ್ಥಾನದಲ್ಲಿತ್ತು. ಹೆಣ್ಣಿನ ದುಡಿಮೆಯ ಮೇಲೆ ಬದುಕುವ ಸೋಮಾರಿ ಗಂಡಸನ್ನು ನಾಯಿ ಎಂದು ಕರೆದು ಬಾಗಿಲಿನಿಂದಾಚೆ ಅಟ್ಟುವ ಹೆಂಗಸಿನ ಹಾಡು ಅದು. ಥಾರ್ನ್‌ಟನ್ ಅವರ ಗದರಿಕೆಯಲ್ಲಿ ಸಿಟ್ಟಿದೆ, ನಗುವಿದೆ, ದೇಹದ ಠೀವಿ ಇದೆ. 1956ರಲ್ಲಿ ಎಲ್ವಿಸ್ ಪ್ರೆಸ್ಲಿ ಹಾಡಿದ್ದು ಲಾಸ್ ವೇಗಸ್‌ನ ತಂಡವೊಂದು ಮಾತುಗಳನ್ನು ಬದಲಿಸಿ ಹಾಡುತ್ತಿದ್ದ ರೂಪವನ್ನು. ಅದರಲ್ಲಿ ನಾಯಿ ನಿಜವಾದ ನಾಯಿಯೇ ಆಯಿತು, ಮೊಲ ಹಿಡಿಯಲಾರದ ನಾಯಿ. ಪ್ರೆಸ್ಲಿಯವರ ಕಸುವನ್ನು ಅಲ್ಲಗಳೆಯಲಾಗದು. ಡ್ರಮ್ಮಿನ ಆ ಬಿರುಹೊಡೆತ ಒಂದು ತಲೆಮಾರನ್ನೇ ಎಬ್ಬಿಸಿತು. ಆದರೆ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಕೇಳಿದರೆ ಹಾಡು ಬಾಯಿ ಬಿಡುವುದಿಲ್ಲ. ಲೋಕವೆಲ್ಲ ಕೇಳಿದ ಆ ಕವರ್‌ನಲ್ಲಿ ಮಾತಾಡುತ್ತಿದ್ದ ಹೆಂಗಸೇ ಕಾಣೆಯಾಗಿದ್ದಾಳೆ.

ಫ್ರಾಂಕ್ಲಿನ್ ಮಾಡಿದ್ದು ಇದಕ್ಕೆ ನೇರ ವಿರುದ್ಧ. ರೆಡ್ಡಿಂಗ್ ಅವರ ‘ರೆಸ್ಪೆಕ್ಟ್’ನಲ್ಲಿ ಮಾತಾಡುವವನು ದುಡಿದು ಮನೆಗೆ ಮರಳುವ ಗಂಡಸು. ದುಡಿಮೆಯನ್ನೆಲ್ಲ ತಂದು ಹಾಕುತ್ತೇನೆ, ಮನೆಗೆ ಬಂದಾಗ ಒಂದಿಷ್ಟು ಮರ್ಯಾದೆ ಕೊಡು ಎಂಬ ಅವನ ಬೇಡಿಕೆಯಲ್ಲಿ ಅರ್ಧ ಗೋಗರೆತ, ಅರ್ಧ ಯಜಮಾನಿಕೆ. 1967ರ ಫೆಬ್ರುವರಿ 14ರಂದು ನ್ಯೂಯಾರ್ಕ್‌ನ ಅಟ್ಲಾಂಟಿಕ್ ಸ್ಟುಡಿಯೊದಲ್ಲಿ ಫ್ರಾಂಕ್ಲಿನ್ ಅದನ್ನು ಹಾಡಿದಾಗ ಮರ್ಯಾದೆ ಕೇಳಿದವಳು ಹೆಣ್ಣು. ಅವಳ ಕೈಯಲ್ಲಿ ತನ್ನದೇ ಹಣವಿದೆ, ಆದ್ದರಿಂದ ಅವಳದು ಬೇಡಿಕೆಯಲ್ಲ, ಲೆಕ್ಕ ಕೇಳುವ ದನಿ. ಈ ತಿರುವು ಮಾತಿನಲ್ಲಷ್ಟೇ ನಿಲ್ಲದೆ ಹಾಡಿನ ಕಟ್ಟಡವನ್ನೇ ಬದಲಿಸಿತು. ಮೂಲದಲ್ಲಿ ನಡುವಿನ ಭಾಗವೇ ಇರಲಿಲ್ಲ. ಸ್ಯಾಮ್ ಅಂಡ್ ಡೇವ್ ಜೋಡಿಯ ಹಾಡೊಂದರ ಸ್ವರಮೇಳವನ್ನು ಎರವಲು ತಂದು ಅಲ್ಲಿ ಕಿಂಗ್ ಕರ್ಟಿಸ್ ಅವರ ಸ್ಯಾಕ್ಸೊಫೋನ್ ಕೂರಿಸಲಾಯಿತು. ಶೀರ್ಷಿಕೆಯ ಪದವನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳುವ ಭಾಗವೂ ರೆಡ್ಡಿಂಗ್ ಅವರಲ್ಲಿ ಇಲ್ಲ. ತಿಳಿಯದವನಿಗೆ ಅಕ್ಷರ ತಿದ್ದಿಸುವ ಹಾಗೆ ಅವಳು ಆ ಪದವನ್ನು ಕಲಿಸುತ್ತಾಳೆ. ಹಿಂದಿನಿಂದ ತಂಗಿ ಕ್ಯಾರೊಲಿನ್ ಮತ್ತು ಅಕ್ಕ ಎರ್ಮಾ ದನಿಗೂಡಿಸಿದಾಗ ಒಬ್ಬಳ ಮಾತು ಹಲವರ ಮಾತಾಗುತ್ತದೆ. ನಾಗರಿಕ ಹಕ್ಕುಗಳ ಚಳವಳಿ ಮತ್ತು ಮಹಿಳಾ ಚಳವಳಿ ಈ ಹಾಡನ್ನು ತಮ್ಮದಾಗಿಸಿಕೊಂಡದ್ದು ಆಕಸ್ಮಿಕವಲ್ಲ. ಹಲವರು ನಿಲ್ಲಬಹುದಾದ ಜಾಗವನ್ನು ಹಾಡು ಆಗಲೇ ಸಿದ್ಧಮಾಡಿಟ್ಟಿತ್ತು.

ಮಾತು ಬದಲಿಸದೆಯೂ ಮಾತಾಡುವವನನ್ನು ಬದಲಿಸಬಹುದು ಎಂಬುದಕ್ಕೆ ‘ಆಲ್ ಅಲಾಂಗ್ ದ ವಾಚ್‌ಟವರ್’ ಸಾಕ್ಷಿ. ಬಾಬ್ ಡಿಲನ್ 1967ರ ಕೊನೆಗೆ ಬಂದ ‘ಜಾನ್ ವೆಸ್ಲಿ ಹಾರ್ಡಿಂಗ್’ ಆಲ್ಬಂನಲ್ಲಿ ಅದನ್ನು ಗಿಟಾರ್, ಹಾರ್ಮೊನಿಕಾ, ಬಾಸ್, ಡ್ರಮ್ ಇಷ್ಟರಲ್ಲೇ, ಎರಡೂವರೆ ನಿಮಿಷದಲ್ಲಿ ಹೇಳಿ ಮುಗಿಸಿದರು. ಕಥೆ ಶುರುವಾಗಬೇಕಾದಲ್ಲಿ ಹಾಡು ಕೊನೆಯಾಗುತ್ತದೆ. ದೂರದಲ್ಲಿ ಏನೋ ಬರುತ್ತಿದೆ ಎಂದು ತಣ್ಣಗೆ ವರದಿ ಮಾಡುವವನ ದನಿ ಅದು. ಕೆಲವೇ ವಾರಗಳಲ್ಲಿ, 1968ರ ಜನವರಿಯಲ್ಲಿ, ಲಂಡನ್ನಿನ ಒಲಿಂಪಿಕ್ ಸ್ಟುಡಿಯೊದಲ್ಲಿ ಜಿಮಿ ಹೆಂಡ್ರಿಕ್ಸ್ ಅದನ್ನು ಕೈಗೆತ್ತಿಕೊಂಡರು. ಅವರು ವರದಿ ಮಾಡುವುದಿಲ್ಲ, ಆ ಬಿರುಗಾಳಿಯೊಳಗೇ ನಿಂತಿದ್ದಾರೆ. ಚರಣಗಳ ನಡುವೆ ಗಿಟಾರು ನಾಲ್ಕು ಹಂತಗಳಲ್ಲಿ ದನಿ ಬದಲಿಸುತ್ತ ಹೋಗುವ ಭಾಗ ಬರಿಯ ಕೈಚಳಕದ ಪ್ರದರ್ಶನವಲ್ಲ, ಡಿಲನ್ ಹೇಳದೆ ಬಿಟ್ಟ ಕಥೆಯ ಉಳಿದರ್ಧ. ಮುಂದೆ ಡಿಲನ್ ತಾವೇ ಈ ಹಾಡನ್ನು ಹೆಂಡ್ರಿಕ್ಸ್ ರೀತಿಯಲ್ಲಿ ಹಾಡತೊಡಗಿದರು, ಹಾಡಿದಾಗಲೆಲ್ಲ ಅದು ಅವರಿಗೆ ಸಲ್ಲಿಸುವ ಗೌರವದಂತೆ ಅನಿಸುತ್ತದೆ ಎಂದೂ ಹೇಳಿದರು. ಮೂಲಕರ್ತ ಕವರ್‌ನ ದಾರಿ ಹಿಡಿದನೆಂದರೆ ಮೂಲ ಯಾವುದು ಎಂಬ ಪ್ರಶ್ನೆಯೇ ಅಲುಗಾಡತೊಡಗುತ್ತದೆ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ. ಇವೆಲ್ಲ ಹಾಡಿನ ಗೆಲುವಲ್ಲ, ಹಾಡುವವರ ಜೀವನಚರಿತ್ರೆಯ ಗೆಲುವು ಎಂಬುದು ಅದು. ಇದಕ್ಕೆ ಮೊದಲು ನೆನಪಾಗುವುದು ಜಾನಿ ಕ್ಯಾಶ್ ಹಾಡಿದ ‘ಹರ್ಟ್’. 1994ರಲ್ಲಿ ನೈನ್ ಇಂಚ್ ನೇಲ್ಸ್ ತಂಡದ ಟ್ರೆಂಟ್ ರೆಜ್ನರ್ ಅದನ್ನು ಬರೆದು ಹಾಡಿದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ತನ್ನನ್ನು ತಾನೇ ಗಾಯಗೊಳಿಸಿಕೊಳ್ಳುವ ಯುವಕನ ನರಳಾಟ, ಅದರ ಹಿಂದೆ ಕರ್ಕಶ ಸದ್ದು. 2002ರಲ್ಲಿ, ಎಪ್ಪತ್ತರ ಕ್ಯಾಶ್ ನಿರ್ಮಾಪಕ ರಿಕ್ ರೂಬಿನ್ ಜೊತೆಗೂಡಿ ಅದನ್ನು ಗಿಟಾರು ಮತ್ತು ಪಿಯಾನೊಗೆ ಇಳಿಸಿದರು. ಕಿರೀಟದ ಕುರಿತ ಸಾಲಿನಲ್ಲಿ ಒಂದು ಹೊಲಸು ಪದವನ್ನು ತೆಗೆದು ಮುಳ್ಳನ್ನು ಇಟ್ಟರು. ಅಷ್ಟರಿಂದಲೇ ಅದು ಸಾವಿನ ಮುಂದೆ ಬಾಳಿನ ಲೆಕ್ಕ ಒಪ್ಪಿಸುವ ಭಕ್ತನ ಹಾಡಾಯಿತು. ಮಾರ್ಕ್ ರೊಮಾನೆಕ್ ಅವರ ವಿಡಿಯೊ, 2003ರ ಮೇನಲ್ಲಿ ಪತ್ನಿ ಜೂನ್ ಕಾರ್ಟರ್ ಅವರ ಸಾವು, ಸೆಪ್ಟೆಂಬರ್‌ನಲ್ಲಿ ಕ್ಯಾಶ್ ಅವರದೇ ಸಾವು, ಇವೆಲ್ಲ ಕೇಳುಗರ ಕಣ್ಣು ತೇವ ಮಾಡಿದ್ದು ನಿಜ. ಆದರೆ ಅದೇ ಆಲ್ಬಂನಲ್ಲಿ, ಅದೇ ಮುಪ್ಪಿನ ದನಿಯಲ್ಲಿ, ಅದೇ ನಿರ್ಮಾಪಕರ ಕೈಯಲ್ಲಿ ಕ್ಯಾಶ್ ‘ಬ್ರಿಡ್ಜ್ ಓವರ್ ಟ್ರಬಲ್ಡ್ ವಾಟರ್’ ಮತ್ತು ಬೀಟಲ್ಸ್ ತಂಡದ ‘ಇನ್ ಮೈ ಲೈಫ್’ ಹಾಡುಗಳನ್ನೂ ಹಾಡಿದ್ದಾರೆ. ಅವೆರಡೂ ಮೂಲವನ್ನು ಮೀರಲಿಲ್ಲ. ‘ಇನ್ ಮೈ ಲೈಫ್’ನಲ್ಲಿ ಹಿಂತಿರುಗಿ ನೋಡುವವನು ಮೊದಲೇ ಇದ್ದ, ಕ್ಯಾಶ್ ಅವನಿಗೆ ವಯಸ್ಸನ್ನಷ್ಟೇ ಸೇರಿಸಿದರು. ‘ಹರ್ಟ್’ನಲ್ಲಿ ಮಾತ್ರ ಯುವಕನ ಬಾಯಲ್ಲಿ ಅವಧಿಗೆ ಮುಂಚೆ ಬಂದಿದ್ದ ಮಾತುಗಳಿಗೆ ಅವುಗಳ ನಿಜವಾದ ಹೊತ್ತು ಸಿಕ್ಕಿತು. ಜೀವನಚರಿತ್ರೆಯೇ ಎಲ್ಲವೂ ಆಗಿದ್ದರೆ ಮೂರೂ ಹಾಡುಗಳು ಸಮವಾಗಿ ಗೆಲ್ಲಬೇಕಿತ್ತು.

ಇನ್ನೊಂದು ಆಕ್ಷೇಪ ಕಂಠದ್ದು. ಸಮರ್ಥ ಕಂಠವಿದ್ದರೆ ಸಾಲದೇ? ಡಾಲಿ ಪಾರ್ಟನ್ 1974ರಲ್ಲಿ ಹೊರತಂದ ‘ಐ ವಿಲ್ ಆಲ್ವೇಸ್ ಲವ್ ಯೂ’ ಹಾಡನ್ನು 1992ರಲ್ಲಿ ‘ದ ಬಾಡಿಗಾರ್ಡ್’ ಚಿತ್ರಕ್ಕಾಗಿ ಹಾಡಿದ ವಿಟ್ನಿ ಹೂಸ್ಟನ್ ಅಮೆರಿಕದ ಪಟ್ಟಿಯಲ್ಲಿ ಹದಿನಾಲ್ಕು ವಾರ ಮೊದಲ ಸ್ಥಾನದಲ್ಲಿದ್ದರು. ವಾದ್ಯವಿಲ್ಲದೆ ಒಂಟಿ ದನಿಯಲ್ಲಿ ಶುರುವಾಗುವ ಆ ಮೊದಲ ಗಳಿಗೆಗಳು ನಿಜಕ್ಕೂ ಉಸಿರು ಹಿಡಿಸುತ್ತವೆ. ಆದರೆ ಪಾರ್ಟನ್ ಅದನ್ನು ಬರೆದದ್ದು ತಮ್ಮನ್ನು ಬೆಳಕಿಗೆ ತಂದ ಸಹಗಾಯಕ ಪೋರ್ಟರ್ ವ್ಯಾಗನರ್ ಅವರ ಬಳಗ ಬಿಟ್ಟು ಹೊರಡುವಾಗ. ಹೊಸ್ತಿಲಲ್ಲಿ ನಿಂತು, ಎದುರಿಗಿರುವವರಿಗೆ ನೋವಾಗದಂತೆ ಹೊರಡುವ ಸೂಕ್ಷ್ಮ ಅದರಲ್ಲಿದೆ. ಹೂಸ್ಟನ್ ಅವರ ಕೊನೆಯ ಏರುದನಿಯಲ್ಲಿ ಎದುರಿಗಿದ್ದ ಆ ಒಬ್ಬ ವ್ಯಕ್ತಿ ಮಾಯವಾಗಿ ಸಭಾಂಗಣವೊಂದು ಉಳಿಯುತ್ತದೆ. ಹಾಡು ದೊಡ್ಡದಾಯಿತು, ಆಳವಾಗಲಿಲ್ಲ. ಇದು ಬರೀ ರುಚಿಯ ಪ್ರಶ್ನೆ ಎನ್ನುವವರಿಗೆ ಉತ್ತರ ಇಷ್ಟೇ: ಕಂಠಕ್ಕೆ ಮನಸೋಲುವುದು ರುಚಿ ಇರಬಹುದು, ಯಾರು ಯಾರೊಂದಿಗೆ ಮಾತಾಡುತ್ತಿದ್ದಾರೆ ಎಂಬುದನ್ನು ಹಾಡನ್ನೇ ಮುಂದಿಟ್ಟುಕೊಂಡು ತೋರಿಸಬಹುದು, ಅದರ ಮೇಲೆ ವಾದ ಮಾಡಬಹುದು.

ಮೂಲವಿಲ್ಲದೆ ಕವರ್ ಇಲ್ಲ, ಹಾಗಾಗಿ ಸಾಲಗಾರನು ಸಾಲ ಕೊಟ್ಟವನನ್ನು ಮೀರುವುದು ಹೇಗೆ ಎಂಬ ಪ್ರಶ್ನೆ ಇನ್ನೂ ಹಳೆಯದು. ಋಣ ಬೇರೆ, ಗುಣ ಬೇರೆ ಎಂಬುದು ಕನ್ನಡದ ಕಿವಿಗೆ ಹೊಸದಲ್ಲ. ಹದಿನಾರನೆಯ ಶತಮಾನದ ಪುರಂದರದಾಸರ ಪದಗಳು ನಮಗೆ ಉಳಿದಿವೆ, ಅವರು ಹಾಡಿದ ಮಟ್ಟುಗಳು ಬಹುಪಾಲು ಉಳಿದಿಲ್ಲ. ಎಂ.ಎಲ್. ವಸಂತಕುಮಾರಿ ಕರ್ನಾಟಕ ಶೈಲಿಯಲ್ಲೂ ಭೀಮಸೇನ ಜೋಶಿ ಹಿಂದೂಸ್ತಾನಿ ಶೈಲಿಯಲ್ಲೂ ದಾಸರನ್ನು ಹಾಡಿದಾಗ ಯಾವುದು ಕವರ್ ಎಂದು ಯಾರೂ ಕೇಳಲಿಲ್ಲ. ಪದವೇ ಮೂಲವಾಗಿತ್ತು, ಹಾಡಿಕೆಯೆಲ್ಲ ಅದರ ಓದುಗಳು. ಅದೇ ಧ್ವನಿಮುದ್ರಿಕೆಗಳ ಕಾಲದಲ್ಲಿ ನಾವೂ ಬದಲಾದೆವು. ಕುವೆಂಪು ಅವರ ನಾಡಗೀತೆಗೆ ಮೈಸೂರು ಅನಂತಸ್ವಾಮಿ ಅವರ ಮಟ್ಟೋ ಸಿ. ಅಶ್ವತ್ಥ್ ಅವರ ಮಟ್ಟೋ ಎಂಬ ಜಗ್ಗಾಟ ವರ್ಷಗಟ್ಟಲೆ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿ ಅವರ ಮಟ್ಟನ್ನು ಎರಡೂವರೆ ನಿಮಿಷಕ್ಕೆ ನಿಗದಿ ಮಾಡಿದ ಮೇಲೂ ವಿವಾದ ಹೈಕೋರ್ಟ್ ಮೆಟ್ಟಿಲೇರಿತು. ಸಭೆಗೆ ಒಂದೇ ಮಟ್ಟು ಬೇಕೆಂಬುದು ಸರಿಯೇ. ಆದರೆ ಒಂದು ಪದಕ್ಕೆ ಒಂದೇ ನಿಜವಾದ ಹಾಡಿಕೆ ಉಂಟೆಂಬ ನಂಬಿಕೆ ಪದದಿಂದ ಬಂದದ್ದಲ್ಲ, ಮೊದಲು ಕೇಳಿದ್ದನ್ನೇ ನಿಜವೆಂದು ಹಿಡಿಯುವ ಕಿವಿಯ ಅಭ್ಯಾಸದಿಂದ ಬಂದದ್ದು. ‘ಹಲ್ಲೆಲೂಯ’ ಹಾಡಿನ ಪಯಣ ಇದನ್ನೇ ಹೇಳುತ್ತದೆ. 1984ರಲ್ಲಿ ಲಿಯೊನಾರ್ಡ್ ಕೋಹೆನ್ ಹಾಡಿದಾಗ ಆ ಆಲ್ಬಂ ಹೊರತರಲು ಅವರ ಅಮೆರಿಕನ್ ಕಂಪನಿಯೇ ಒಪ್ಪಲಿಲ್ಲ. 1991ರಲ್ಲಿ ಜಾನ್ ಕೇಲ್, ಕೋಹೆನ್ ಫ್ಯಾಕ್ಸ್ ಮಾಡಿದ ಹದಿನೈದು ಪುಟಗಳ ಚರಣಗಳಿಂದ ಆಯ್ದುಕೊಂಡು ಪಿಯಾನೊ ಜೊತೆ ಹಾಡಿದರು. 1994ರಲ್ಲಿ ಜೆಫ್ ಬಕ್ಲಿ ಆ ಕೇಲ್ ರೂಪವನ್ನು ಹಿಡಿದು ಒಂಟಿ ಗಿಟಾರಿನಲ್ಲಿ ಪಿಸುಗುಟ್ಟಿದರು. ಬರೆದವರ ಮೇಜಿನ ಮೇಲೆಯೇ ಮುಗಿಯದಿದ್ದ ಹಾಡಿಗೆ ಮೊದಲ ಧ್ವನಿಮುದ್ರಣವನ್ನು ಮೂಲ ಎನ್ನುವುದು ಅದರ ದಿನಾಂಕಕ್ಕೆ ಸಲ್ಲುವ ಗೌರವ ಮಾತ್ರ.

ಋಣದ ಮಾತನ್ನು ಕಾನೂನು ನೋಡಿಕೊಳ್ಳಬೇಕು, ಅದು ಅಲ್ಲೇ ಎಡವುತ್ತದೆ. ಅಮೆರಿಕದ ರೇಡಿಯೊ ಕೇಂದ್ರಗಳು ಹಾಡು ಬರೆದವರಿಗೆ ಹಣ ಕೊಡುತ್ತವೆ, ಹಾಡಿದವರಿಗಲ್ಲ. ಹಾಗಾಗಿ ಅಲ್ಲಿನ ರೇಡಿಯೊದಲ್ಲಿ ‘ರೆಸ್ಪೆಕ್ಟ್’ ಬಂದಾಗಲೆಲ್ಲ ದುಡ್ಡು ಸಂದದ್ದು ಬರೆದ ರೆಡ್ಡಿಂಗ್ ಅವರ ಪಾಲಿಗೆ, ಆ ಹಾಡಿಗೆ ಮರುಹುಟ್ಟು ಕೊಟ್ಟ ಫ್ರಾಂಕ್ಲಿನ್ ಅವರಿಗಲ್ಲ. ಭಾರತದಲ್ಲಿ 2012ರ ತಿದ್ದುಪಡಿಯ ನಂತರ ಹಕ್ಕುಸ್ವಾಮ್ಯ ಕಾಯ್ದೆಯ 31ಸಿ ಕಲಮು, ಮೊದಲ ಮುದ್ರಣವಾಗಿ ಐದು ವರ್ಷ ಕಳೆದ ಮೇಲೆ ಶುಲ್ಕ ಕಟ್ಟಿ ಕವರ್ ಮಾಡಲು ಬಿಡುತ್ತದೆ. ಆದರೆ ಮಾಲೀಕರ ಒಪ್ಪಿಗೆಯಿಲ್ಲದೆ, ತಾಂತ್ರಿಕ ಅಗತ್ಯವನ್ನು ಬಿಟ್ಟು, ಸಾಹಿತ್ಯವನ್ನಾಗಲೀ ಸಂಗೀತವನ್ನಾಗಲೀ ಬದಲಿಸುವಂತಿಲ್ಲ. ಬರೆದವರ ಕೃತಿ ವಿರೂಪಗೊಳ್ಳಬಾರದೆಂಬ ಅದರ ಕಾಳಜಿ ಅರ್ಥವಾಗುವಂಥದ್ದೇ. ಆದರೂ ಇದರ ಅಡಿಯಲ್ಲಿ ನಿರಾತಂಕವಾಗಿ ಹುಟ್ಟಬಲ್ಲದ್ದು ಬೂನ್ ಅವರಂಥ ನಯವಾದ ನಕಲು. ಮಾತನ್ನೂ ಕಟ್ಟಡವನ್ನೂ ತಿರುಗಿಸಿದ ಫ್ರಾಂಕ್ಲಿನ್ ಅವರ ‘ರೆಸ್ಪೆಕ್ಟ್’ ಒಪ್ಪಿಗೆಗಾಗಿ ಕಾಯಬೇಕಾಗುತ್ತದೆ. ಬರೆದವರಿಗೆ ನ್ಯಾಯವಾದ ಪಾಲನ್ನು ಖಚಿತಪಡಿಸಿ, ಮರುಓದಿಗೆ ಬಾಗಿಲು ತೆರೆದಿಡುವ ಕಾನೂನು ಹಾಡಿನ ಪರವಾದ ಕಾನೂನು.

ಮೀರುವುದೆಂದರೆ ಮೂಲವನ್ನು ಅಳಿಸುವುದು ಎಂದು ಭಯಪಡುವವರು ಫ್ರಾಂಕ್ಲಿನ್ ಅವರನ್ನು ಕೇಳಿದ ಮೇಲೆ ಮತ್ತೆ ರೆಡ್ಡಿಂಗ್ ಅವರ 1965ರ ಮುದ್ರಣಕ್ಕೆ ಮರಳಬೇಕು. ಕಹಳೆಗಳು ಅದೇ ಹುರುಪಿನಲ್ಲಿವೆ, ಒರಟು ದನಿಯಲ್ಲಿ ಅದೇ ಬಿಸಿಯಿದೆ. ಆದರೆ ಆ ಗಂಡಸು ಈಗ ಒಬ್ಬನೇ ಇಲ್ಲ. ಮೊದಲು ಕೇಳಿಸದಿದ್ದ ಅವನ ದಣಿವು, ತನ್ನ ಯಜಮಾನಿಕೆಯ ಬಗ್ಗೆ ಅವನಿಗೇ ಇರುವ ಅಳುಕು ಈಗ ಕೇಳಿಸುತ್ತದೆ, ಏಕೆಂದರೆ ಅವನ ಮಾತನ್ನು ಪೂರ್ತಿ ಕೇಳಿಸಿಕೊಂಡು ಉತ್ತರ ಕೊಟ್ಟವಳೊಬ್ಬಳು ಬಂದುಹೋಗಿದ್ದಾಳೆ. ಮಾಂಟೆರೆಯಲ್ಲಿ ಹಾಡಿ ಆರು ತಿಂಗಳು ತುಂಬುವ ಮೊದಲೇ, 1967ರ ಡಿಸೆಂಬರ್ 10ರಂದು, ರೆಡ್ಡಿಂಗ್ ಇಪ್ಪತ್ತಾರನೆಯ ವಯಸ್ಸಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕಿತ್ತುಕೊಂಡು ಹೋದಳು ಎಂದು ಅವರು ಹೇಳಿದ ಹಾಡು ಅವರದೂ ಆಗಿಯೇ ಉಳಿದಿದೆ, ಮೊದಲಿಗಿಂತ ಹೆಚ್ಚು ಅರ್ಥ ಹೊತ್ತು.